ಎರಡನೇ ಮರಿ

ಬೆಳಿಗ್ಗೆ ಏಳೂವರೆಗೆ ಖಂದಮಾ ಎರಡನೇ ಮರಿಯನ್ನು ಕೊಂದು ಹಿಮದಲ್ಲಿ ಹೂತಿಟ್ಟಳು. ಮೊದಲನೆಯದನ್ನು ತಂಡದ ಮುಖ್ಯಸ್ಥೆ ಲುಕೇರ್ಯಾ ಆಗಲೇ ನೋಡಿದ್ದಳು. ಎರಡನೆಯದನ್ನು ಯಾರೂ ನೋಡಿರಲಿಲ್ಲ.

ಅದು 1943ರ ಮಾರ್ಚ್. ಬೈಕಲ್ ಸರೋವರ ಇನ್ನೂ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ನೆರ್ಪಾ ಬೇಟೆ ಹೆಂಗಸರ ಪಾಲಿಗೆ ಬಂದಿತ್ತು. ಬೈಕಲ್ಲಿನ ಸೀಲ್‌ಗೆ ನಮ್ಮ ಕಡೆ ನೆರ್ಪಾ ಎಂದೇ ಹೆಸರು. ಬಸುರಿ ನೆರ್ಪಾ ನೀರ್ಗಲ್ಲಿನಲ್ಲಿ ಕಂಡಿ ಕೊರೆದು, ಅದರ ಮೇಲೆ ಬಿದ್ದ ಹಿಮರಾಶಿಯೊಳಗೆ ಗೂಡು ಮಾಡಿಕೊಂಡು ಅಲ್ಲೇ ಈಯುತ್ತದೆ. ಬೇಟೆಯ ಕ್ರಮ ಅಜ್ಜಂದಿರ ಕಾಲದಿಂದ ಬದಲಾಗಿಲ್ಲ. ನಾಯಿ ಮೂಸಿ ತೋರಿಸಿದ ಗೂಡಿನ ಚಾವಣಿ ಒಡೆದು ಮರಿಯನ್ನು ಹಿಡಿಯಬೇಕು. ಅದರ ಹಿಂಗಾಲಿಗೆ ಹಗ್ಗ ಕಟ್ಟಿ ಕಂಡಿಯಲ್ಲಿ ಇಳಿಬಿಡಬೇಕು. ಮರಿ ಅಳುತ್ತದೆ, ತಾಯಿ ಹುಡುಕಿಕೊಂಡು ಬರುತ್ತದೆ. ಹಗ್ಗವನ್ನು ಮೆಲ್ಲಗೆ ಮೇಲೆಳೆದರೆ ಮರಿಯನ್ನು ತಬ್ಬಿಕೊಂಡು ತಾಯಿಯೂ ಕಂಡಿಯ ಬಾಯಿಗೆ ಬರುತ್ತದೆ. ಆಗ ಕೊಕ್ಕೆ ಹಾಕಬೇಕು.

ಲುಕೇರ್ಯಾ ಕೊಕ್ಕೆ ತರಲು ಜಾರುಬಂಡಿಯ ಕಡೆ ಹೋದಾಗಲೇ ಗೂಡಿನ ಗೋಡೆಯೊಳಗೆ ಪರಚುವ ಸದ್ದು ಕೇಳಿತ್ತು. ಮರಿಗಳು ಹಿಮದಲ್ಲಿ ಸಣ್ಣ ಸುರಂಗ ತೋಡಿಕೊಂಡು ಆಡುತ್ತವೆ. ಖಂದಮಾ ಸುರಂಗಕ್ಕೆ ತೋಳು ತೂರಿಸಿದಳು. ಕೈಗೆ ಬೆಚ್ಚಗಿನ ಕೂದಲು ಸಿಕ್ಕಿತು. ಹೊರಗೆಳೆದರೆ ಬಿಳಿ ಮರಿ, ಮೊದಲನೆಯದಕ್ಕಿಂತ ಚಿಕ್ಕದು.

ಒಂದು ಗೂಡಿಗೆ ಒಂದು ಮರಿ. ತಂಡದಲ್ಲಿ, ಬೇಟೆಯನ್ನು ಒಪ್ಪಿಸುವ ಸಂಗ್ರಹ ಕೇಂದ್ರದಲ್ಲಿ, ಊರಿನಲ್ಲಿ ಎಲ್ಲರ ಲೆಕ್ಕವೂ ಅದೇ. ಅವಳಿ ಹುಟ್ಟುವುದುಂಟು ಎಂದು ಎಲ್ಲರೂ ಕೇಳಿದ್ದರು, ಕಂಡವರು ಕಡಿಮೆ. ಅಂದರೆ ಈ ಮರಿ ಯಾವ ಲೆಕ್ಕಕ್ಕೂ ಸೇರಿದ್ದಲ್ಲ. ಖಂದಮಾ ಯೋಚಿಸಿದ್ದು ಇಷ್ಟೇ. ಸಹಕಾರ ಸಂಘದ ಮಾಲನ್ನು ಮನೆಗೆ ಒಯ್ದವರಿಗೆ ಜೈಲು. ಅದನ್ನು ಅವಳು ಯೋಚಿಸಲಿಲ್ಲ. ಮನೆಯಲ್ಲಿ ಆರು ವರ್ಷದ ಬುತಿದ್ ಮಲಗಿದಲ್ಲೇ ಇದ್ದಳು. ಕೆಮ್ಮು ಶುರುವಾಗಿ ಚಳಿಗಾಲವೇ ಕಳೆಯುತ್ತ ಬಂದಿತ್ತು. ವಸಡಿನಲ್ಲಿ ರಕ್ತ, ಕಾಲಿನಲ್ಲಿ ಬಲವಿಲ್ಲ. ಮೀನಿನ ತಲೆ ಬೇಯಿಸಿದ ನೀರು ಬಿಟ್ಟರೆ ಕೊಡಲು ಬೇರೇನೂ ಇರಲಿಲ್ಲ. ಊರಿನ ಕಾಂಪೌಂಡರ್ ಬಂದು ನೋಡಿ, “ಔಷಧಿ ನನ್ನತ್ರ ಇಲ್ಲಮ್ಮ. ಇದ್ರೂ ಏನೂ ಆಗಲ್ಲ. ಕೊಬ್ಬು ತಿನ್ನಿಸು. ಎಲ್ಲಿಂದ ಅಂತ ನನ್ನ ಕೇಳ್ಬೇಡ,” ಎಂದು ಹೇಳಿ ಹೋಗಿದ್ದ.

ಲುಕೇರ್ಯಾ ಕೊಕ್ಕೆ ಹಿಡಿದು ಬಂದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಗಂಡ, ಇಬ್ಬರು ಮಕ್ಕಳು ಮೂವರೂ ಯುದ್ಧರಂಗದಲ್ಲಿದ್ದರು.

“ಏನೇ, ಮುಖ ಯಾಕೆ ಹಂಗಾಗಿದೆ? ನೆರ್ಪಾ ಕಚ್ಚಿತಾ?”

“ಚಳಿ ಅಕ್ಕ.”

“ಚಳಿಯಂತೆ. ನಿನ್ನೆ ಮೊನ್ನೆ ಹುಟ್ಟಿದೋಳು ಇವಳು. ಇಳಿಸು ಮರಿನ.”

ಇಳಿಸಿದರು. ಮರಿ ಅತ್ತಿತು, ಕೂಸಿನ ಅಳುವಿನ ಹಾಗೆಯೇ. ಕಂಡಿಯ ನೀರು ಒಮ್ಮೆ ಉಬ್ಬಿತು, ಕಪ್ಪು ತಲೆ ಕಂಡು ಮಾಯವಾಯಿತು. ಮತ್ತೆ ಬರಲಿಲ್ಲ. ಅಷ್ಟರಲ್ಲಿ ಉತ್ತರದಿಂದ ಗಾಳಿ ಎದ್ದು ಹಿಮದ ಪುಡಿಯನ್ನು ನೆಲದುದ್ದಕ್ಕೂ ಓಡಿಸತೊಡಗಿತು. ಲುಕೇರ್ಯಾ ಆಕಾಶ ನೋಡಿ ಬೈದಳು.

“ನಾಳೆ ಹಿಡಿಯೋಣ. ಮರಿ ಇರೋ ತನಕ ಅವಳೆಲ್ಲಿಗೆ ಹೋಗ್ತಾಳೆ? ಗುಂಡಿ ಮಾಡಿ ಇದನ್ನ ಮುಚ್ಚಿಡು.”

ಮರಿಯನ್ನು ಜೀವಂತವಾಗಿಯೇ ಹಿಮದ ಗುಂಡಿಯಲ್ಲಿಟ್ಟು ಮೇಲೆ ನೀರ್ಗಲ್ಲಿನ ಹಲಗೆ ಮುಚ್ಚಿದರು. ಬೇರೆ ಗೂಡುಗಳಿಗೆ ಹೋಗಿದ್ದ ಹೆಂಗಸರೂ ಸೇರಿಕೊಂಡು ಹಿಂತಿರುಗುವಾಗ ಖಂದಮಾ ಹೊಟ್ಟೆನೋವೆಂದು ಹಿಂದೆ ಉಳಿದಳು. ದಿಬ್ಬದ ಹಿಂದೆ ಹೂತಿಟ್ಟಿದ್ದ ಸತ್ತ ಮರಿಯನ್ನು ತೆಗೆದು ಕುರಿತೊಗಲಿನ ನಿಲುವಂಗಿಯೊಳಗೆ ಸೇರಿಸಿ ನಡುಕಟ್ಟು ಬಿಗಿದಳು. ಮುಂದೆ ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬಳು ತಿರುಗಿ ಕೂಗಿದಳು:

“ಖಂದಮಾ, ಗಂಡ ಮನೇಲಿಲ್ಲದೆ ಹೊಟ್ಟೆ ಮುಂದೆ ಬಂದಿದೆಯಲ್ಲೇ!”

ಎಲ್ಲರೂ ನಕ್ಕರು. ಖಂದಮಾಳೂ ನಕ್ಕಳು.

ಮನೆಯಲ್ಲಿ ಅತ್ತೆ ದೊಲ್ಗೊರ್ ಬಾಗಿಲಿಗೆ ಅಗುಳಿ ಹಾಕಿದಳು. ಒಲೆಯ ಬೆಳಕಿನಲ್ಲಿ ಮರಿಯನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಚಾಕು ಎಳೆದಳು. ಬುತಿದ್ ಹಾಸಿಗೆಯಿಂದ ತಲೆ ಎತ್ತಿ ನೋಡುತ್ತಿದ್ದಳು.

“ಅಜ್ಜಿ, ಕೊಬ್ಬಾ?”

ದೊಲ್ಗೊರ್ ಸೀಳಿನಲ್ಲಿ ಬೆರಳಿಟ್ಟು ನೋಡಿದಳು. ಮತ್ತೊಂದು ಕಡೆ ಇಟ್ಟು ನೋಡಿದಳು. ಈ ಹೊತ್ತಿಗೆ ನೆರ್ಪಾ ಮರಿಗೆ ಬೆರಳುಗಳು ಹುದುಗುವಷ್ಟು ಕೊಬ್ಬು ಇರಬೇಕು. ಇದರ ಚರ್ಮದ ಕೆಳಗೆ ಉಗುರಿನ ದಪ್ಪಕ್ಕೂ ಇರಲಿಲ್ಲ. ಪಕ್ಕೆಲುಬು ಕಾಣುತ್ತಿತ್ತು.

“ಒಂದೇ ಗೂಡಲ್ಲಿ ಎರಡಿತ್ತಾ?” ದೊಲ್ಗೊರ್ ಕೇಳಿದಳು.

“ಹೂಂ.”

“ಅವಳಿ ಇದು. ಹೊಟ್ಟೇಲಿರುವಾಗ್ಲೇ ಅರ್ಧ, ಹುಟ್ಟಿದ ಮೇಲೂ ಅರ್ಧ. ದೊಡ್ಡದು ಕುಡಿದು ಬಿಟ್ಟದ್ದು ಇದಕ್ಕೆ. ಇನ್ನು ಹತ್ತು ದಿನಕ್ಕೆ ತಾನೇ ಸಾಯ್ತಿತ್ತು.” ಚಾಕು ಒರೆಸಿದಳು. “ಇದಕ್ಕೋಸ್ಕರ ಜೈಲಿಗೆ ಹೋಗೋಕೆ ಹೊರಟಿದ್ಯಲ್ಲೇ, ಹುಚ್ಚಿ.”

“ಎಷ್ಟಿದೆಯೋ ಅಷ್ಟು ತೆಗಿ ಅತ್ತೆ.”

ಕೆರೆದರು. ಬಟ್ಟಲಿನ ತಳ ಮುಚ್ಚಲಿಲ್ಲ. ಬುತಿದ್ ಅದನ್ನು ನುಂಗಿದಳು, ಬೆರಳು ನೆಕ್ಕಿದಳು. ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ಎದ್ದು ಎಲ್ಲ ವಾಂತಿಯಾಯಿತು. ಖಂದಮಾ ನೆಲ ಒರೆಸಿದಳು. ಮರಿಯನ್ನು ದೊಲ್ಗೊರ್ ಕಟ್ಟಿಗೆಯ ರಾಶಿಯ ಕೆಳಗೆ ಅಡಗಿಸಿದಳು. ಸೊಸೆಯ ಕಡೆ ನೋಡದೆ ಹೇಳಿದಳು:

“ಇವಳು ಮಂಜು ಕರಗೋದನ್ನ ನೋಡಲ್ಲ ಕಣೇ.”

ಮರುದಿನ ಗಾಳಿ ಇಳಿದಿತ್ತು. ಉಳಿದ ಹೆಂಗಸರು ಬೇರೆ ದಿಬ್ಬಗಳ ಕಡೆ ಹೋದರು. ಖಂದಮಾ, ಲುಕೇರ್ಯಾ ಇಬ್ಬರೇ ಗೂಡಿಗೆ ಬಂದು ಮರಿಯನ್ನು ಇಳಿಸಿದರು. ಅದು ಒಮ್ಮೆ ಅತ್ತಿತಷ್ಟೆ, ತಾಯಿ ಬಂತು. ಮರಿಯನ್ನು ಮುಂಗಾಲಿನಲ್ಲಿ ಅವುಚಿಕೊಂಡು, ಹಗ್ಗ ಎಳೆದಂತೆಲ್ಲ ಮೇಲೆ ಬಂತು. ಬೆದರಲಿಲ್ಲ, ಹಿಂದೆ ಸರಿಯಲಿಲ್ಲ. ಲುಕೇರ್ಯಾ ಕೊಕ್ಕೆ ಹಾಕಿದಳು. ಇಬ್ಬರೂ ಕಾಲೂರಿ ಎಳೆಯಲು ಸಿದ್ಧರಾದರು. ದೊಡ್ಡ ಹೆಣ್ಣನ್ನು ಎತ್ತುವುದೆಂದರೆ ಸೊಂಟ ಬಿದ್ದುಹೋಗುವ ಕೆಲಸ. ಆದರೆ ಅದು ಸಲೀಸಾಗಿ ಮೇಲೆ ಬಂದುಬಿಟ್ಟಿತು. ಎಳೆದ ರಭಸಕ್ಕೆ ಖಂದಮಾ ಹಿಂದಕ್ಕೆ ಬಿದ್ದಳು.

ಕೊಂದು, ಸುಲಿಯಲು ಚರ್ಮ ಬಿಡಿಸಿದಾಗ ಲುಕೇರ್ಯಾಳ ಕೈ ನಿಂತಿತು. ನೆರ್ಪಾವನ್ನು ಕೊಬ್ಬಿನ ಸಮೇತ ಸುಲಿದು ಕೇಂದ್ರಕ್ಕೆ ಒಪ್ಪಿಸಬೇಕು. ಬೆಳೆದ ಹೆಣ್ಣಿಗೆ ನಾಲ್ಕು ಬೆರಳು ದಪ್ಪದ ಕೊಬ್ಬು ಇರಬೇಕು. ಹಾಲೂಡುವ ತಾಯಿಯೆಂದು ಕಳೆದರೂ ಮೂರು. ಇದಕ್ಕೆ ಎರಡಿತ್ತು.

ಲುಕೇರ್ಯಾ ನೀರ್ಗಲ್ಲಿನ ಮೇಲೆ ಕುಳಿತುಬಿಟ್ಟಳು.

“ಮುಗೀತು,” ಎಂದಳು.

“ಏನಕ್ಕ?”

“ಏನು ಅಂತ ಕೇಳ್ತೀಯಲ್ಲ! ಜನವರಿಯಲ್ಲಿ ಫ್ಯೋಕ್ಲಾನ ಯಾಕೆ ಜೈಲಿಗೆ ಕರ್ಕೊಂಡು ಹೋದ್ರು? ಕೊಬ್ಬು ತೆಳ್ಳಗಿತ್ತು ಅಂತ. ಕೆರೆದು ಮನೆಗೆ ಒಯ್ದಿದ್ದಾಳೆ ಅಂತ. ಅವಳು ಮುಟ್ಟೇ ಇರಲಿಲ್ಲ, ನೆರ್ಪಾನೇ ರೋಗದ್ದು. ಯಾರು ಕೇಳಿದ್ರು? ಕೇಂದ್ರದ ಪ್ರೊಕೋಪಿ ಹೆಬ್ಬೆರಳು ಒತ್ತಿ ನೋಡಿದ, ಕಾಗದ ಬರೆದ, ಅಷ್ಟೇ.” ಅವಳು ಕೈಗವಸು ತೆಗೆದು ಹಿಮಕ್ಕೆ ಬಡಿದಳು. “ಈ ಹಾಳು ಮುಂಡೆ ಯಾಕೆ ಹಿಂಗೆ ಒಣಗಿದ್ದಾಳೆ? ಒಂದು ಮರಿಗೆ ಹಾಲು ಕೊಟ್ಟು ಯಾರಾದ್ರೂ ಹಿಂಗಾಗ್ತಾರಾ?”

ಸುಮ್ಮನಿದ್ದರೆ ಏನಾಗುತ್ತದೆಂದು ಖಂದಮಾಳಿಗೆ ಗೊತ್ತಿತ್ತು. ಲುಕೇರ್ಯಾಳನ್ನು ಕರೆದೊಯ್ಯುತ್ತಾರೆ. ಬಾಯಿ ಬಿಟ್ಟರೆ ಕರೆದೊಯ್ಯುವುದು ತನ್ನನ್ನು. ಆಮೇಲೆ ಬುತಿದ್‌ಗೆ ಮೀನಿನ ತಲೆಯ ನೀರನ್ನು ತರುವವರೂ ಇರುವುದಿಲ್ಲ.

“ಒಂದಲ್ಲ ಅಕ್ಕ,” ಎಂದಳು. “ಎರಡಿತ್ತು.”

“ಏನೆರಡು?”

“ಮರಿ. ನೀನು ಕೊಕ್ಕೆ ತರೋಕೆ ಹೋದಾಗ ಸುರಂಗದಲ್ಲಿ ಇನ್ನೊಂದು ಸಿಕ್ತು. ಮನೆಗೆ ಒಯ್ದೆ.”

ಲುಕೇರ್ಯಾ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಖಂದಮಾ ಕೈ ಅಡ್ಡ ಹಿಡಿಯಲಿಲ್ಲ.

“ಕಳ್ಳಿ! ನನ್ನ ತಂಡದಲ್ಲಿ! ನನ್ನ ಮೂಗಿನ ಕೆಳಗೆ! ನಿನ್ನೆ ನಗಾಡ್ತಿದ್ಯಲ್ಲೇ, ಹೊಟ್ಟೆ ಮುಂದೆ ಬಿಟ್ಕೊಂಡು!”

“ಬುತಿದ್ ಸಾಯ್ತಿದ್ದಾಳೆ ಅಕ್ಕ.”

“ಯಾರ ಮನೇಲಿ ಸಾಯ್ತಿಲ್ಲ ಹೇಳು? ತೋರಿಸು ಒಂದು ಮನೆ!”

“ನಿಂಗೊತ್ತು ಎಲ್ಲಾ. ಹೋಗಿ ಹೇಳು. ಎರಡನೇ ಮರಿ ಕಟ್ಟಿಗೆ ಕೆಳಗಿದೆ ಅಂತ ಹೇಳು. ಅವಳಿ ಅಂತ ಗೊತ್ತಾದ್ರೆ ತಾಯಿ ಯಾಕೆ ಒಣಗಿದ್ದಾಳೆ ಅಂತ ಪ್ರೊಕೋಪಿಗೂ ಗೊತ್ತಾಗುತ್ತೆ, ನಿನ್ನ ಬಿಡ್ತಾನೆ. ಆದ್ರೆ ಈ ಕೊಬ್ಬಲ್ಲಿ ಒಂದಿಷ್ಟು ಮೊದಲು ನನ್ನತ್ತೆ ಕೈಗೆ ಮುಟ್ಟಲಿ. ಆಮೇಲೆ ನನ್ನ ಏನ್ ಬೇಕಾದ್ರೂ ಮಾಡ್ಲಿ.”

ಲುಕೇರ್ಯಾ ಬಿಚ್ಚಿ ಹಾಸಿದ್ದ ಚರ್ಮವನ್ನು ನೋಡುತ್ತ ನಿಂತಳು. ಹಗ್ಗ ಕಟ್ಟಿದ್ದ ಮರಿ ಇನ್ನೂ ತಾಯಿಯ ಹೆಣದ ಕಡೆ ತೆವಳುತ್ತಿತ್ತು. ಲುಕೇರ್ಯಾ ಅದಕ್ಕೆ ಏಟು ಹಾಕಿದಳು, ಅದು ಮಲಗಿತು.

“ಆ ಮರಿನ ಸುಲಿದಿದ್ದೀರಾ?”

“ಇಲ್ಲ. ಹೊಟ್ಟೆ ಮಾತ್ರ ಸೀಳಿದ್ದು.”

“ಎಷ್ಟುದ್ದ?”

ಖಂದಮಾ ಗೇಣಿನಲ್ಲಿ ತೋರಿಸಿದಳು.

“ಸತ್ತೇ ಸಿಕ್ಕಿದ್ದು,” ಲುಕೇರ್ಯಾ ನಿಧಾನವಾಗಿ ಹೇಳಿದಳು. “ಇವತ್ತು ಬೆಳಿಗ್ಗೆ ಸಿಕ್ಕಿದ್ದು. ಸುರಂಗದ ತುದೀಲಿ. ನಾಯಿ ಎಳೆದು ಹಾಕ್ತು, ಹೊಟ್ಟೆ ಹರೀತು. ಏನ್ ಹೇಳಿದೆ? ತಿರುಗಿ ಹೇಳು.”

ಖಂದಮಾ ತಿರುಗಿ ಹೇಳಿದಳು.

“ಎರಡು ಮರಿ ಪಕ್ಕಪಕ್ಕ ಕಂಡ್ರೆ, ತಾಯಿ ಎಷ್ಟು ಒಣಗಿದ್ರೂ ಅವನು ನಂಬ್ತಾನೆ. ಎರಡು ಬೆರಳಿದ್ರೂ ನಂಬ್ತಾನೆ. ಒಂದೂವರೆ ಇದ್ರೂ ನಂಬ್ತಾನೆ.” ಲುಕೇರ್ಯಾ ಚಾಕುವನ್ನು ತೊಡೆಗೆ ಎರಡು ಸಲ ತಿಕ್ಕಿ ಮಂಡಿಯೂರಿ ಕುಳಿತಳು. “ಚರ್ಮ ಬಿಗಿಯಾಗಿ ಹಿಡ್ಕೋ. ಅಲ್ಲಾಡಿದ್ರೆ ಇಬ್ರೂ ಸತ್ತಂಗೆ.”

ಒಂದು ಕಡೆ ಕತ್ತರಿಸಿದರೆ ಗುರುತು ಉಳಿಯುತ್ತದೆ. ಅವಳು ಕತ್ತರಿಸಲಿಲ್ಲ. ಕುತ್ತಿಗೆಯಿಂದ ಬಾಲದವರೆಗೆ ತೆಳುವಾದ ಒಂದೇ ಪದರವನ್ನು ಸಮವಾಗಿ ಹೆರೆದು ತೆಗೆದಳು. ಬೆವರು ಅವಳ ಹುಬ್ಬಿನ ಮೇಲೆ ಹೆಪ್ಪುಗಟ್ಟಿತು. ತೆಗೆದದ್ದನ್ನು ಖಂದಮಾಳ ಹೊಟ್ಟೆಗೆ, ಅಂಗಿಯ ಒಳಗೆ, ಮೈಗೆ ತಾಗುವಂತೆ ಸುತ್ತಿದಳು. ಕೊಬ್ಬು ಇನ್ನೂ ಬಿಸಿಯಾಗಿತ್ತು.

“ಇದು ನಿಂಗಲ್ಲ,” ಎಂದಳು ನಡುಕಟ್ಟು ಬಿಗಿಯುತ್ತ. “ನೀನು ಕಳ್ಳಿ. ಸಾಯೋತನಕ ಕಳ್ಳೀನೇ. ಇದು ಆ ಮಗೂಗೆ.”

ಖಂದಮಾಳ ಮನೆ ದಾರಿಯಲ್ಲೇ ಇತ್ತು. ನೀರು ಕುಡಿಯುವ ನೆಪದಲ್ಲಿ ಇಬ್ಬರೂ ಒಳಗೆ ಹೋದರು. ಹೊರಬಂದಾಗ ಖಂದಮಾಳ ನಡು ಸಡಿಲವಾಗಿತ್ತು. ಜಾರುಬಂಡಿಯ ಮೇಲೆ, ಗೋಣಿತಟ್ಟಿನ ಕೆಳಗೆ ಎರಡು ಮರಿಗಳಿದ್ದವು. ಚಿಕ್ಕ ಮರಿಯ ಹೊಟ್ಟೆಯ ಸೀಳು ಹರಿದಂತೆ ಕಾಣಲೆಂದು ಲುಕೇರ್ಯಾ ಅದರ ಅಂಚನ್ನು ಹಲ್ಲಿನಿಂದ ಜಗ್ಗಿದ್ದಳು. ಅವಳ ತುಟಿಗೆ ಬಿಳಿ ಕೂದಲು ಅಂಟಿತ್ತು. ಖಂದಮಾ ತನ್ನ ತೋಳಿನಿಂದ ಅದನ್ನು ಒರೆಸಿದಳು.

ಸಂಗ್ರಹ ಕೇಂದ್ರದ ಪ್ರೊಕೋಪಿ ಸವೆಲಿಚ್ ಹೊಟ್ಟೆಹುಣ್ಣಿನ ಮನುಷ್ಯ. ಅದಕ್ಕೇ ಅವನನ್ನು ಯುದ್ಧಕ್ಕೆ ಕರೆದಿರಲಿಲ್ಲ. ಜೋರಾಗಿ ಮಾತಾಡುತ್ತಿರಲಿಲ್ಲ. ಚರ್ಮವನ್ನು ಹಲಗೆಯ ಮೇಲೆ ಹಾಸಿ ಹೆಬ್ಬೆರಳು ಒತ್ತಿದ. ಮತ್ತೊಂದು ಕಡೆ ಒತ್ತಿದ. ತಲೆ ಎತ್ತದೆ ಕೇಳಿದ:

“ಉಳಿದದ್ದೆಲ್ಲಿ, ಲುಕೇರ್ಯಾ?”

“ಇಲ್ಲಿದೆ.” ಲುಕೇರ್ಯಾ ಗೋಣಿತಟ್ಟು ಸರಿಸಿದಳು. “ಇಬ್ಬರು ಕುಡಿದಿದ್ದಾರೆ ನೋಡಿ ಅದನ್ನ.”

ಅವನು ಎರಡೂ ಮರಿಗಳನ್ನು ಹಿಂಗಾಲು ಹಿಡಿದು ಎತ್ತಿದ. ದೊಡ್ಡದನ್ನು ಬಲಗೈಯಲ್ಲಿ, ಚಿಕ್ಕದನ್ನು ಎಡಗೈಯಲ್ಲಿ. ಬಾಗಿಲಲ್ಲಿದ್ದ ಹೆಂಗಸರು ಹತ್ತಿರ ಬಂದರು. ಅವಳಿಯನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

“ಒಂದೇ ಗೂಡಲ್ಲಾ?”

“ಒಂದೇ ಗೂಡು. ಚಿಕ್ಕದು ಸತ್ತೇ ಸಿಕ್ತು, ಇವತ್ತು. ತಾಯಿ ಮೊಲೆ ನೋಡಿ, ಎರಡೂ ಹಣ್ಣಾಗಿವೆ. ಬಸುರಲ್ಲೇ ಅರ್ಧ ಆಗಿರುತ್ತೆ ಅದು, ಪಾಪ.”

ಪ್ರೊಕೋಪಿ ಚಿಕ್ಕ ಮರಿಯನ್ನು ಬೆಳಕಿಗೆ ತಿರುಗಿಸಿದ. ಸೀಳನ್ನು ನೋಡಿದ.

“ಹೊಟ್ಟೆ?”

“ನಾಯಿ,” ಎಂದಳು ಖಂದಮಾ.

“ನಾಯಿಗೆ ಚಾಕು ಹಿಡಿಯೋಕೆ ಯಾರು ಕಲಿಸಿದ್ರು?”

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಸೀಳಿನ ಮೇಲ್ತುದಿ ಇನ್ನೂ ನೇರವಾಗಿಯೇ ಇತ್ತು. ಜಗ್ಗಿದ್ದು ಸಾಕಾಗಿರಲಿಲ್ಲ. ಖಂದಮಾ ಬಾಯಿ ತೆರೆದಳು. ಲುಕೇರ್ಯಾ ಅವಳ ಪಾದವನ್ನು ಮೆಟ್ಟಿ ಮುಂದೆ ಬಂದಳು.

“ನಾನು ಸೀಳಿದ್ದು.”

“ಯಾಕೆ?”

“ತಾಯಿ ಇಷ್ಟು ಒಣಗಿದೆ ಅಂದ್ರೆ ನೀವು ನಂಬ್ತೀರಾ? ಮರಿ ಒಳಗೆ ಏನಾದ್ರೂ ಇದೆಯಾ ಅಂತ ನೋಡ್ದೆ. ನಂಗೂ ಜೀವದ ಆಸೆ ಇದೆ, ಪ್ರೊಕೋಪಿ ಸವೆಲಿಚ್. ಫ್ಯೋಕ್ಲಾಗೆ ಏನಾಯ್ತು ಅಂತ ನಾವೆಲ್ಲ ನೋಡಿದ್ದೀವಿ.”

“ಇವಳು ನಾಯಿ ಅಂದಳಲ್ಲ.”

“ಅವಳಿಗೇನು ಗೊತ್ತು? ನಾನು ಹೇಳಿಕೊಟ್ಟಿದ್ದನ್ನ ಗಿಣಿ ಥರ ಹೇಳಿದಳು.”

ಪ್ರೊಕೋಪಿ ಸೀಳಿನೊಳಗೆ ಎರಡು ಬೆರಳು ತೂರಿಸಿ ಸವರಿದ. ಕೊಬ್ಬು ಇದ್ದಿದ್ದರೆ ಬೆರಳಿಗೆ ಅಂಟುತ್ತಿತ್ತು. ಅಂಟಲಿಲ್ಲ. ಮರಿಯ ಪಕ್ಕೆಲುಬುಗಳನ್ನು ಒತ್ತಿ ನೋಡಿದ. ಮತ್ತೆ ತಾಯಿಯ ಚರ್ಮದ ಬಳಿ ಹೋಗಿ, ಬಾಗಿ, ಮೂಗು ತಾಗುವಷ್ಟು ಹತ್ತಿರದಿಂದ ಕುತ್ತಿಗೆಯಿಂದ ಬಾಲದವರೆಗೆ ನೋಡಿದ. ಖಂದಮಾ ಲುಕೇರ್ಯಾಳ ಬೆನ್ನನ್ನು ನೋಡುತ್ತಿದ್ದಳು. ಆ ಬೆನ್ನು ಅಲುಗಲಿಲ್ಲ.

“ಅವಳಿ,” ಎಂದ ಪ್ರೊಕೋಪಿ ಕೊನೆಗೆ. ಚರ್ಮವನ್ನು ಮಡಚಿ ತಕ್ಕಡಿಗೆ ಹಾಕಿದ.

ಹೆಂಗಸರು ಚದುರತೊಡಗಿದಾಗ ಅವನು ಬೆನ್ನು ತಿರುಗಿಸಿಯೇ ಮಾತು ಮುಂದುವರಿಸಿದ. ತೂಕಕ್ಕೆ ಮೊದಲು ಮಾಲಿಗೆ ಚಾಕು ಹಾಕಿದ್ದು ತಪ್ಪು. ಲುಕೇರ್ಯಾ ನಾಳೆಯಿಂದ ಮುಖ್ಯಸ್ಥೆಯಲ್ಲ, ದಡದ ಕೊಟ್ಟಿಗೆಯಲ್ಲಿ ಬಲೆ ತೊಳೆಯಬೇಕು. ಕೊಕ್ಕೆ ಖಂದಮಾಳ ಕೈಗೆ. ಇನ್ನು ಮುಂದೆ ಪ್ರತಿ ಗೂಡಿನ ಸುರಂಗವನ್ನೂ ಅಗೆದು ನೋಡಬೇಕು. ಒಂದರಲ್ಲಿ ಎರಡು ಸಿಕ್ಕಿದ್ದರೆ ಇಷ್ಟು ದಿನ ಎಷ್ಟನ್ನು ಬಿಟ್ಟು ಬಂದಿರಬಹುದು?

ದಡದ ಕೊಟ್ಟಿಗೆಯಲ್ಲಿ ಬೆಂಕಿ ಇರಲಿಲ್ಲ. ಬಲೆಯನ್ನು ಸರೋವರದ ನೀರಿನಲ್ಲೇ, ಬರಿಗೈಯಲ್ಲೇ ತೊಳೆಯಬೇಕಿತ್ತು. ಹಿಂದಿನ ವರ್ಷ ಆ ಕೆಲಸ ಮಾಡಿದವಳ ಬೆರಳುಗಳು ಈಗ ಮಡಚುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಖಂದಮಾ ಅವಳ ತೋಳು ಹಿಡಿದಳು.

“ಅಕ್ಕ, ನಾನು ಒಳಗೆ ಹೋಗಿ ಹೇಳ್ತೀನಿ.”

“ಹೇಳು. ಹೇಳಿದ್ರೆ ಮನೆ ಶೋಧ ಮಾಡ್ತಾರೆ. ಕೊಬ್ಬು ಸಿಗುತ್ತೆ. ಆಮೇಲೆ ಮಗೂಗೆ ಏನ್ ಕೊಡ್ತೀಯ, ನಿನ್ನ ಸತ್ಯನಾ?” ಲುಕೇರ್ಯಾ ತೋಳು ಕೊಡವಿಕೊಂಡಳು. “ಕೊಕ್ಕೆನ ಒದ್ದೆ ಇಡ್ಬೇಡ. ತುಕ್ಕು ಹಿಡಿಯುತ್ತೆ.”

ಮರುದಿನ ಖಂದಮಾ ಕೊಕ್ಕೆ ಹಿಡಿದು ಹೆಂಗಸರ ಮುಂದೆ ನಡೆದಳು. ನಗೆಚಾಟಿಕೆ ಯಾರೂ ಮಾಡಲಿಲ್ಲ. ಸಿಕ್ಕ ಗೂಡುಗಳನ್ನೆಲ್ಲ ಸುರಂಗದ ತುದಿಯವರೆಗೆ ಅಗೆದರು. ಯಾವುದರಲ್ಲೂ ಎರಡನೇ ಮರಿ ಇರಲಿಲ್ಲ.

ಮನೆಯಲ್ಲಿ ದೊಲ್ಗೊರ್ ಕೊಬ್ಬನ್ನು ಕರಗಿಸಿ ಬೆರಳ ತುದಿಯಷ್ಟು ಬುತಿದ್‌ಳ ನಾಲಗೆಗೆ ಹಚ್ಚಿದಳು. ಮಧ್ಯಾಹ್ನ ಇನ್ನೊಮ್ಮೆ ಹಚ್ಚಿದಳು. ಸಂಜೆ ಖಂದಮಾ ಬರುವವರೆಗೂ ಅದು ಹೊಟ್ಟೆಯಲ್ಲೇ ಉಳಿದಿತ್ತು.